ಬಿಟ್ಟ ಠಾವು

"ಇಷ್ಟೇ," ಎಂದಳು ಬುರುಲ್.

ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. ಅದಕ್ಕೇ ಇರಬೇಕು, ಯಾರೂ ನಂಬಲಿಲ್ಲ. ಕೋಣೆಯ ತುಂಬ ಹಾಸಿದ್ದ ಕಂದು ಉಣ್ಣೆಹಾಸಿನ ಸುತ್ತ ಕೂತ ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಇನ್ನೇನು ಅದು ಮತ್ತೆ ಬಗ್ಗುತ್ತದೆ, ಟಗರಿನ ಕೊಂಬು ಮೂಡುತ್ತದೆ, ಕೊಂಬಿಗೆ ಕೊಂಬು ಹೆಣೆದುಕೊಳ್ಳುತ್ತದೆ, ನಾಲ್ಕೂ ಕಡೆ ಅಂಚು ಬಂದು ಎಲ್ಲವನ್ನೂ ಒಳಗೆ ಕೂಡಿಹಾಕುತ್ತದೆ ಎಂದು ಕಾದರು.

ಕೈ ಬಗ್ಗಲಿಲ್ಲ.

ಹಾಸಿನ ಮೇಲೆ ಇದ್ದದ್ದು ಒಂದೇ ಗೆರೆ. ಸುತ್ತಿ ಬಂದು ತನ್ನನ್ನೇ ಕೂಡಿಕೊಂಡ ಗೆರೆ. ಪೂರ್ತಿ ಗುಂಡಗೂ ಇರಲಿಲ್ಲ. ಒಂದು ಕಡೆ ಸ್ವಲ್ಪ ನಾಲಗೆ ಚಾಚಿದ ಹಾಗೆ ಹೊರಗೆ ಬಂದಿತ್ತು. ನಡುವಿನಲ್ಲೂ ಇರಲಿಲ್ಲ, ಕಿಟಕಿಯ ಕಡೆಗೆ, ಯಾರೋ ತಳ್ಳಿದಂತೆ ಸರಿದು ನಿಂತಿತ್ತು. ಒಳಗೆ ಏನೂ ಇಲ್ಲ. ಹೊರಗೂ ಏನೂ ಇಲ್ಲ.

"ಬಾಣಲೆ," ಎಂದಳು ಶಾಯಿರ್‌ಕುಲ್. ಚಿಕ್ಕಮ್ಮನ ಸೊಸೆ, ಬುರುಲ್‌ಗೆ ಅತ್ತಿಗೆಯಾಗಬೇಕು, ಆದ್ದರಿಂದ ಗೇಲಿ ಮಾಡುವುದು ಅವಳ ಹಕ್ಕು. "ನೋಡಿ, ಹಿಡಿಯೂ ಇದೆ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಹುಡುಗಿ. ಯಾರಾದ್ರೂ ಎರಡು ಬೋರ್ಸೋಕ್ ಕರಿದು ಹಾಕ್ರೇ ಇದರೊಳಗೆ."

ಎಲ್ಲರೂ ನಕ್ಕರು. ಬುರುಲ್ ಕೂಡ ನಕ್ಕಳು. ನಗಬಾರದಿತ್ತು ಎಂದು ನಕ್ಕ ಮೇಲೆ ಅನ್ನಿಸಿತು. ಅವಳ ಮುಖಕ್ಕೆ ಅದೊಂದು ಕೆಟ್ಟ ಅಭ್ಯಾಸ. ಅವಳನ್ನು ಕೇಳದೆ ಎಲ್ಲರ ಜೊತೆ ಸೇರಿಕೊಂಡುಬಿಡುತ್ತದೆ.

"ತಮಾಷೆ ಸಾಕು," ಎಂದಳು ಚಿಕ್ಕಮ್ಮ ತುರ್ದುಕಾನ್. ಮನೆ ಅವಳದು, ಉಣ್ಣೆ ಅವಳದು, ಮದುವೆಯಾಗುವ ಜಿಪಾರಾ ಅವಳ ಮಗಳು. "ಬೆಳಕಿರೋವಾಗ ಮುಗಿಸು ಬುರುಲ್. ಇವತ್ತು ಕತ್ತರಿಸಿದ್ರೆ ತಾನೆ ನಾಳೆಯಿಂದ ಹೊಲಿಗೆ?"

"ಮುಗೀತು ಚಿಕ್ಕಮ್ಮ."

"ಏನು ಮುಗೀತು?"

"ಬರೆದಾಯ್ತು."

ತುರ್ದುಕಾನ್ ಹಾಸನ್ನು ನೋಡಿದಳು. ಆಮೇಲೆ ಅಕ್ಕನ ಕಡೆ ನೋಡಿದಳು. ಬುರುಲ್‌ಳ ತಾಯಿ ಕಲಿಪಾ ಒಲೆಯ ಪಕ್ಕ ಗೋಡೆಗೆ ಒರಗಿ, ಜೀವ ಹೋದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿ ಸರಿಮಾಡಿಕೊಳ್ಳುತ್ತಿದ್ದಳು. ಒಂದು ಕಾಲಕ್ಕೆ ಈ ಕಣಿವೆಯಲ್ಲೇ ಅವಳಂಥ ನಮೂನೆಗಾರ್ತಿ ಇರಲಿಲ್ಲ. ಈಗ ಆ ಕೈಯನ್ನು ಮಗುವಿನ ಹಾಗೆ ಮಲಗಿಸಬೇಕು.

ಕಲಿಪಾ ತಲೆಯೆತ್ತಲಿಲ್ಲ.

*

ಕಂದು ಹಾಸಿನ ಅಡಿಯಲ್ಲಿ ಅಷ್ಟೇ ಅಗಲದ ಬಿಳಿ ಹಾಸಿತ್ತು. ಶಿರ್ದಾಕ್ ಎಂಬ ಉಣ್ಣೆಯ ನೆಲಹಾಸು ಮಾಡುವ ಕ್ರಮವೇ ಅದು. ಎರಡನ್ನೂ ಒಂದರ ಮೇಲೊಂದು ಹಾಸಿ, ಮೇಲೆ ಬರೆದು, ಒಂದೇ ಚೂರಿಯಲ್ಲಿ ಎರಡನ್ನೂ ಕೊಯ್ಯಬೇಕು. ಕಂದಿನಿಂದ ಬಿದ್ದದ್ದನ್ನು ಬಿಳಿಯ ಬಾಯಿಗೆ, ಬಿಳಿಯಿಂದ ಬಿದ್ದದ್ದನ್ನು ಕಂದಿನ ಬಾಯಿಗೆ ತುಂಬಿ ಹೊಲಿಯಬೇಕು. ಒಂದು ನಮೂನೆಗೆ ಎರಡು ಶಿರ್ದಾಕ್. ಒಂದರಲ್ಲಿ ಯಾವುದು ಆಕಾರವೋ ಇನ್ನೊಂದರಲ್ಲಿ ಅದೇ ಬಯಲು. ಚಿಕ್ಕಮ್ಮನಿಗೆ ಈ ಕಸುಬಿನಲ್ಲಿ ಮೆಚ್ಚಿಗೆಯಾದದ್ದು ಅದೊಂದೇ: ಏನೂ ದಂಡವಾಗುವುದಿಲ್ಲ.

ತಾಯಿಯ ಕೈ ಬಿದ್ದುಹೋದ ಮೇಲೆ ಬೀದಿಯ ಹೆಂಗಸರೆಲ್ಲ ಬುರುಲ್‌ಳನ್ನು ಕರೆಯತೊಡಗಿದ್ದರು. ರಾಜಧಾನಿ ಬಿಷ್ಕೆಕ್‌ನಲ್ಲಿ ಚಿತ್ರಕಲೆ ಓದಿದವಳು, ಊರ ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಕಲಿಪಾಳ ಮಗಳು. ಮೂರು ಅರ್ಹತೆಗಳಲ್ಲಿ ಮೂರನೆಯದನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅವಳು ಹೋದಳು. ಬರೆದಳು. ಕೊಂಬು, ಕೊಂಬಿನ ಒಳಗೆ ಕೊಂಬು. ಕಣ್ಣು ಮುಚ್ಚಿ ಬರೆದರೂ ಅಳತೆ ತಪ್ಪುತ್ತಿರಲಿಲ್ಲ. ತಪ್ಪಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಈಗ ಆ ಬೀದಿಯಲ್ಲಿ ಯಾರ ಮನೆಗೆ ಹೋದರೂ ನೆಲದ ಮೇಲೆ ಅವಳ ಕೊಂಬುಗಳು. ಚಹಾಕ್ಕೆ ಕರೆದವರು ಅವುಗಳ ಮೇಲೇ ಕೂರಿಸುತ್ತಿದ್ದರು. ತಾನು ಒಮ್ಮೆಯೂ ನಂಬದೆ ಹೇಳಿದ ಮಾತನ್ನು ಜನ ಮನೆಮನೆಯಲ್ಲಿ ಹಾಸಿಕೊಂಡು ಉಣ್ಣುತ್ತಿದ್ದಾರೆ ಎನಿಸಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಹೊಗಳಿಕೆ ಬೇರೆ. "ನಿಮ್ಮಮ್ಮನ ಕೈಯೇ!" ಎನ್ನುತ್ತಿದ್ದರು. ಹೌದು. ಅವಳದಾಗಿರಲಿಲ್ಲ.

ಕಾಲೇಜಿನಲ್ಲೂ ಹೆಚ್ಚೇನೂ ಬೇರೆಯಿರಲಿಲ್ಲ. ಅಲ್ಲಿನ ಮೇಷ್ಟ್ರು ಅವಳ ಪ್ರತಿಯೊಂದು ಚಿತ್ರದ ಮುಂದೆಯೂ ಕನ್ನಡಕ ಏರಿಸಿ, "ನಮ್ಮತನ ಇದೆ," ಎನ್ನುತ್ತಿದ್ದರು. ಪಕ್ಕದ ಹುಡುಗ ಬರೆದ ಟ್ರ್ಯಾಕ್ಟರಿನ ಮುಂದೆಯೂ ಅದನ್ನೇ ಅಂದಿದ್ದರು.

*

"ಸರಿದುಕೊಳ್ರೇ," ಎಂದು ನಡುವೆ ಬಂತು ಅಸಿಲ್‌ಕಾನ್ ಅಜ್ಜಿಯ ಸ್ವರ. ನೆರೆಮನೆಯ ಮುದುಕಿ. ಕತ್ತರಿಸುವ ಚೂರಿಯನ್ನು ಹಿರಿಯಳಾದವಳು ಹಿಡಿದು ಕೂರಬೇಕೆಂದು ಅವಳನ್ನು ಕರೆಸಿದ್ದರು. ಮೊಣಕಾಲಿನ ಮೇಲೆ ತೆವಳಿಕೊಂಡು ಗೆರೆಯ ಹತ್ತಿರ ಬಂದಳು. ಮೂಗು ತಾಗುವಷ್ಟು ಬಗ್ಗಿದಳು. ನಾಲಗೆಯ ಹಾಗೆ ಚಾಚಿದ್ದ ಕಡೆ ಬೆರಳು ಇಟ್ಟಳು. ಬೆರಳು ಅಲ್ಲೇ ನಿಂತಿತು.

"ಬಾಗಿಲು ಮೂಡಲಿಗೆ ಇಟ್ಟಿದ್ದಾಳೆ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಬುರುಲ್‌ಗೆ ಆಯಿತು.

"ಇದು ಬಾಣಲೆ ಅಲ್ಲ ಕಣೇ ಹುಚ್ಚೀ. ಬಿಟ್ಟ ಠಾವು ಇದು. ಗುಡಾರ ಎದ್ದುಹೋದ ಜಾಗ. ಇಲ್ಲಿ ನೋಡು, ಬಾಗಿಲಲ್ಲಿ ತುಳಿದೂ ತುಳಿದೂ ಹುಲ್ಲು ಸತ್ತಿರುತ್ತಲ್ಲ, ಅದನ್ನೂ ಬರೆದಿದ್ದಾಳೆ."

ಶಾಯಿರ್‌ಕುಲ್ ಬಾಯಿಗೆ ಹಾಕಿದ್ದ ಬೋರ್ಸೋಕನ್ನು ಅಗಿಯುವುದನ್ನು ನಿಲ್ಲಿಸಿದಳು.

ಎಲ್ಲರೂ ನೋಡಿದ್ದ ಜಾಗವೇ ಅದು. ಪ್ರತಿ ವರ್ಷ ಚಳಿ ಬೀಳುವ ಮುಂಚೆ ಮೇಲಿನ ಹುಲ್ಲುಗಾವಲಿನಿಂದ ಇಳಿಯುವಾಗ ಎಲ್ಲರೂ ಬೆನ್ನು ಹಾಕಿ ಬರುವ ಜಾಗ. ಅಲ್ಲಿ ಕೂಸನ್ನು ಇಳಿಸಬಾರದು, ಬಟ್ಟೆ ಒಣಹಾಕಬಾರದು, ಕತ್ತಲಾದರೆ ಅದನ್ನು ಬಳಸಿಕೊಂಡು ಹೋಗಬೇಕು.

ಈ ಸಲ ತಾಯಿಯನ್ನು ಇಳಿಸಿ ತರಲು ಬುರುಲ್ ಹೋಗಿದ್ದಳು. ಗುಡಾರ ಬಿಚ್ಚಿ ಲಾರಿಗೆ ಹೇರಿದ ಮೇಲೆ ಏನೋ ಮರೆತವಳಂತೆ ತಿರುಗಿ ನೋಡಿದಳು. ಹಸುರಿನ ನಡುವೆ ಬಿಳಿಚಿಕೊಂಡ ಒಂದು ವೃತ್ತ. ಹುಲ್ಲು ಬಿಸಿಲು ಕಾಣದೆ ದಾರದ ಹಾಗೆ ಮಲಗಿತ್ತು. ಅವತ್ತು ಬೆಳಿಗ್ಗೆ ತಾನು ತಲೆಯಿಟ್ಟು ಮಲಗಿದ್ದು ಎಲ್ಲಿ, ಅಮ್ಮ ಚಹಾ ಬಗ್ಗಿಸಿದ್ದು ಎಲ್ಲಿ ಎಂದು ಹುಡುಕಿದಳು. ಗುರುತು ಸಿಗಲಿಲ್ಲ. ಎಷ್ಟೋ ವರ್ಷಗಳಿಂದ ಬಾಯಲ್ಲಿದ್ದೂ ಬಾರದ ಮಾತು ಯಾರೋ ಹುಲ್ಲಿನ ಮೇಲೆ ಹೇಳಿಟ್ಟು ಹೋದಂತಿತ್ತು. ಡ್ರೈವರು ಹಾರನ್ ಹೊಡೆದ. ಅವಳು ಲಾರಿ ಹತ್ತಿದಳು. ಅವತ್ತಿನಿಂದ ಕೊಂಬು ಬರೆಯಲು ಹೋದಾಗಲೆಲ್ಲ ಬೆರಳು ಮರಗಟ್ಟುತ್ತಿತ್ತು.

ಈಗ, ಅಜ್ಜಿಯ ಬೆರಳು ಗೆರೆಯ ಮೇಲಿರುವಾಗ, ಬುರುಲ್‌ಳ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದಲ್ಲ. ಅವಳ ಗೆರೆಯನ್ನು ಮೊದಲ ಸಲ ಒಬ್ಬರು ಓದಿದ್ದರು. ಒಂದಕ್ಷರ ಬಿಡದೆ ಓದಿದ್ದರು.

"ತೊಬಾ ತೊಬಾ," ಎಂದಳು ಚಿಕ್ಕಮ್ಮ ಮೆಲ್ಲಗೆ. ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಮಗಳ ಹಾಸಿಗೆಗೆ?"

*

ಮರ್ಲೆನ್ ಬಾಗಿಲಲ್ಲಿ ಬೂಟು ಕಳಚುತ್ತಿದ್ದ. ಚಿಕ್ಕಮ್ಮನ ಮಗ, ಶಾಯಿರ್‌ಕುಲ್‌ಳ ಗಂಡ. ಬಿಷ್ಕೆಕ್‌ನಲ್ಲಿ ಪರದೇಶದವರಿಗೆ ಶಿರ್ದಾಕ್, ಟೋಪಿ, ಚರ್ಮದ ಕುಪ್ಪಿ ಮಾರುವ ಅಂಗಡಿ ಇಟ್ಟಿದ್ದ. ತಂಗಿಯ ಮದುವೆಗೆಂದು ಬಂದಿದ್ದ. ಒಳಗಿನ ಮೌನ ಕೇಳಿ, "ಯಾರು ಹೋದ್ರು?" ಎಂದ.

"ನಿಮ್ಮ ತಂಗೀನ ಕೇಳಿ, ಹೇಳ್ತಾಳೆ," ಎಂದಳು ಶಾಯಿರ್‌ಕುಲ್, ಬುರುಲ್ ಕಡೆ ಗದ್ದ ತೋರಿಸಿ.

ಅವನು ನೋಡಿದ. ತಲೆ ಓರೆ ಮಾಡಿ ನೋಡಿದ. ಕಿಸೆಯಿಂದ ಫೋನ್ ತೆಗೆದು ಮಂಚದ ಮೇಲೆ ಹತ್ತಿ ನಿಂತು ಎರಡು ಪಟ ಹೊಡೆದ.

"ಸೂಪರ್ ಕಣೇ ಇದು!"

ಬುರುಲ್ ಸೀಮೆಸುಣ್ಣವನ್ನು ಕೆಳಗಿಟ್ಟಳು.

"ನಿಜವಾಗ್ಲೂ. ಇಂಥದ್ದಕ್ಕೇ ಜನ ಸಾಯ್ತಿದ್ದಾರೆ ಈಗ. ಕೊಂಬು, ಹೂವು, ಅದೆಲ್ಲ ಯಾರಿಗೂ ಬೇಡ. ಕಣ್ಣಿಗೆ ಹೊಡೆಯುತ್ತೆ ಅಂತಾರೆ. ಖಾಲಿ ಬೇಕು ಅವರಿಗೆ, ಖಾಲಿ. ಅಮ್ಮಾ, ಇದನ್ನ ನನಗೆ ಕೊಟ್ಟುಬಿಡು. ಜಿಪಾರಾಗೆ ಬೇರೆ ಮಾಡಿ."

"ತಗೊಂಡು ಹೋಗು, ಪುಣ್ಯ ಬರುತ್ತೆ," ಎಂದಳು ತುರ್ದುಕಾನ್, ತಕ್ಷಣ.

"ಆದ್ರೆ ಕಂದು ಬೇಡ ಬುರುಲ್. ತಿಳಿ ಬೂದು ಮಾಡು. ಈ ಕಂದು ಒಂಥರಾ... ಮಣ್ಣು ಮಣ್ಣು ಅನ್ಸುತ್ತೆ. ಮತ್ತೆ ಈ ಬಾಲ ಇದೆಯಲ್ಲ, ಇದನ್ನ ತೆಗಿ. ಬರೀ ಗುಂಡಗಿರ್ಲಿ. ನಡುವಿಗೆ ತಂದುಬಿಡು. ಕೆಳಗೊಂದು ಚೀಟಿ ಅಂಟಿಸೋಣ. ಶಾಂತಿ ಅಂತಲೋ, ಪೂರ್ಣಚಂದ್ರ ಅಂತಲೋ."

"ಅದು ಚಂದ್ರ ಅಲ್ಲ."

"ಗೊತ್ತು ಕಣೇ. ಅವರಿಗೆಲ್ಲಿ ಗೊತ್ತಾಗುತ್ತೆ?"

"ಏನು ಗೊತ್ತು?"

"ಅಂದ್ರೆ?"

"ಏನು ಅಂತ ಗೊತ್ತು ನಿಂಗೆ?"

ಮರ್ಲೆನ್ ನಕ್ಕ. ಫೋನನ್ನು ನೋಡಿದ. "ವೃತ್ತ," ಎಂದ.

ಬುರುಲ್‌ಗೆ ಇದ್ದಕ್ಕಿದ್ದಂತೆ ವಿಪರೀತ ಆಯಾಸವಾಯಿತು. ತಿಳಿದವರಿಗೆ ಬೇಡ. ಬೇಕೆನ್ನುವವನಿಗೆ ತಿಳಿದಿಲ್ಲ. ಇವರಿಬ್ಬರ ನಡುವೆ ಎಲ್ಲಾದರೂ ಒಬ್ಬ ಮನುಷ್ಯ ಇದ್ದಾನೆಂದು ನಂಬಿಕೊಂಡು ಅವಳು ಇಷ್ಟು ವರ್ಷ ಸೀಮೆಸುಣ್ಣ ಹಿಡಿದಿದ್ದಳು. ಇಲ್ಲದಿದ್ದರೆ? ಇಲ್ಲದಿದ್ದರೂ ಗೆರೆ ಇದೇ ತಾನೆ ಎನ್ನಿಸಿ ತನಗೇ ಆಶ್ಚರ್ಯವಾಯಿತು.

"ಬಾಲ ತೆಗೆಯಲ್ಲ," ಎಂದಳು. "ಬೂದೂ ಮಾಡಲ್ಲ."

"ಸ್ವಲ್ಪ ಯೋಚನೆ ಮಾಡು."

"ಮಾಡಿದೆ."

"ನಿನಗೇ ಒಳ್ಳೇದು ಅಂತ ಹೇಳ್ದೆ. ನಂಗೇನು?" ಮರ್ಲೆನ್ ಮಂಚದಿಂದ ಇಳಿದ. ಚಹಾದ ಬಟ್ಟಲು ತೆಗೆದುಕೊಂಡು ಮೂಲೆಯಲ್ಲಿ ಕೂತ. ಫೋನಿನಲ್ಲಿ ಆಗಲೇ ಯಾರಿಗೋ ಆ ಪಟ ಕಳಿಸುತ್ತಿದ್ದ.

*

"ಮದುವೆ ಆಗೋಳನ್ನೇ ಕೇಳಿಬಿಡಿ," ಎಂದಳು ಶಾಯಿರ್‌ಕುಲ್. "ಮಲಗೋದು ಅವಳು. ನಾವ್ಯಾಕೆ ಹೊಡೆದಾಡೋದು?"

ಜಿಪಾರಾಳನ್ನು ಒಳಕೋಣೆಯಿಂದ ಕರೆದರು. ಉಗುರಿಗೆ ಬಣ್ಣ ಹಚ್ಚಿ ಒಣಗಿಸುತ್ತಿದ್ದವಳು ಹತ್ತೂ ಬೆರಳು ಅಗಲಿಸಿಕೊಂಡು ಬಂದಳು. ಚಿಕ್ಕವಳಿದ್ದಾಗ ಬುರುಲ್‌ಳ ಹಿಂದೆಯೇ ಸುತ್ತುತ್ತಿದ್ದ ಹುಡುಗಿ. ಅವಳು ಬರೆದದ್ದನ್ನೆಲ್ಲ ಬೇಡಿ ಇಸಿದುಕೊಳ್ಳುತ್ತಿದ್ದಳು. ಬುರುಲ್ ಅವಳ ಮುಖವನ್ನೇ ನೋಡಿದಳು. ಇವಳು ಬೇಡ ಎಂದರೆ ಅಳಿಸಿಬಿಡುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ನಿಜವೋ ಎಂದು ತನ್ನನ್ನೇ ಅನುಮಾನಿಸಿದಳು.

"ನೋಡೇ, ನಿಮ್ಮಕ್ಕ ನಿನಗೆ ಏನು ಬರೆದಿದ್ದಾಳೆ," ಎಂದಳು ತುರ್ದುಕಾನ್.

ಜಿಪಾರಾ ನೋಡಿದಳು. ಉಗುರಿಗೆ ಉಫ್ ಎಂದು ಊದಿಕೊಂಡಳು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೇನೇ? ಬಿಟ್ಟ ಠಾವು ಅದು!"

"ಹಾಗಾದ್ರೆ ಕೊಂಬೇ ಬರೀಲಿ. ನಂಗೆ ಯಾವುದಾದ್ರೂ ಆಯ್ತು ಅಕ್ಕಾ." ಬುರುಲ್‌ಗೆ ನೋವಾಗದಿರಲಿ ಎಂದು ದನಿ ಮೆತ್ತಗೆ ಮಾಡಿದಳು. "ಹೇಗೂ ಅವರ ಮನೇಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇದೆ. ಇದನ್ನ ಮಡಚಿ ಮಂಚದ ಕೆಳಗಿಡ್ತಾರೆ. ಅವರತ್ತಿಗೆದೂ ಅಲ್ಲೇ ಇದೆ, ನಾನೇ ನೋಡಿದೀನಿ."

ಮತ್ತೊಮ್ಮೆ ಊದಿಕೊಂಡು ಒಳಗೆ ಹೋದಳು.

ಹೆಂಗಸರಿಗೆ ನಗು ಬರಲಿಲ್ಲ. ಒಬ್ಬಳು ಚಹಾ ಬಗ್ಗಿಸಿದಳು. ಇನ್ನೊಬ್ಬಳು ಸಕ್ಕರೆ ಮುರಿದಳು. ಮಂಚದ ಕೆಳಗಿನ ಕತ್ತಲೆಯಲ್ಲಿ ಮಡಚಿಟ್ಟ ಕೊಂಬುಗಳು ಒಂದು ಕ್ಷಣ ಎಲ್ಲರಿಗೂ ಕಂಡಂತಿತ್ತು.

*

ಬುರುಲ್ ಹೊರಗೆ ಬಂದಳು. ಕಲಿಪಾ ಹಿಂದೆಯೇ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಬೆಟ್ಟದ ನೆತ್ತಿಯಲ್ಲಿ ಹೊಸ ಹಿಮ ಬಿದ್ದಿತ್ತು. ಅಂಗಳದಲ್ಲಿ ಚಹಾ ಕಾಯಿಸುವ ಸಮೋವರ್ ಹೊಗೆಯುತ್ತಿತ್ತು.

"ಅವತ್ತೇ ಹೇಳಿದ್ದೆ, ತಿರುಗಿ ನೋಡ್ಬೇಡ ಅಂತ," ಎಂದಳು ತಾಯಿ.

"ಹೇಳಿರಲಿಲ್ಲ."

"ಮನಸಲ್ಲಿ ಹೇಳಿದ್ದೆ."

ಕಲಿಪಾ ಮಗಳ ಕೈ ನೋಡಿದಳು.

"ಎರಡು ಕೊಂಬು ಬರೆದ್ರೆ ಕೈ ಸವೆಯುತ್ತಾ?"

"ಸವೆಯುತ್ತೆ."

"ನಂಗೆ ಸವೆದಿರಲಿಲ್ಲ."

"ನೀನು ನಂಬಿದ್ದೆ."

ಕಲಿಪಾ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು; ಬಿಟ್ಟ ಕೂಡಲೆ ಅವು ಮತ್ತೆ ಮಡಚಿಕೊಂಡವು.

"ನಂಬಿದ್ದೆ ಅಂತ ನಿಂಗ್ಯಾರು ಹೇಳಿದ್ದು?" ಎಂದಳು ಕೊನೆಗೆ.

ಬುರುಲ್ ತಿರುಗಿದಳು. ತಾಯಿ ಆಗಲೇ ಕಂಬ ಹಿಡಿದು ಏಳುತ್ತಿದ್ದಳು. "ಒಳಗೆ ಬಾ. ಜನ ಕಾಯ್ತಿದ್ದಾರೆ. ತುರ್ದುಕಾನ್‌ಗೆ ಎದೆನೋವು ಇದೆ ಗೊತ್ತಲ್ಲ," ಎಂದಳು, ಬೇರೆ ಯಾವುದೋ ಮಾತಿನ ಮುಂದುವರಿಕೆ ಎಂಬಂತೆ.

ಒಳಗೆ ಹೋದಾಗ ಚಿಕ್ಕಮ್ಮ ಹಾಸಿನ ಮೇಲೆ ಮೊಣಕಾಲೂರಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ. ಗೆರೆಯನ್ನು ಒರೆಸುತ್ತಿದ್ದಳು. ಆಗಲೇ ಒಂದು ಮೊಳ ಹೋಗಿತ್ತು.

"ಚಿಕ್ಕಮ್ಮ, ಕೈ ತೆಗೀರಿ."

"ನೀನು ಏನೂ ಮಾಡ್ಬೇಡ, ಸುಮ್ನೆ ಕೂತ್ಕೋ. ನಾನೇ ಬರೀತೀನಿ. ವಕ್ರವಾದ್ರೆ ಆಗ್ಲಿ, ಕೊಂಬು ಕೊಂಬೇ."

"ಕೈ ತೆಗೀರಿ."

"ಏನೇ ಇದು, ಹಟ? ಊರವರೆಲ್ಲ ಮೂರ್ಖರು, ನೀನೊಬ್ಳು ಓದಿದೋಳು ಅಂತಾನಾ?"

"ಅಲ್ಲ." ಓದಿದ್ದರಲ್ಲಿ ಇದು ಇರಲಿಲ್ಲ ಎಂದು ಹೇಳಬೇಕೆನಿಸಿತು. ಅದರ ಬದಲು ಅಸಿಲ್‌ಕಾನ್ ಅಜ್ಜಿಯ ಮುಂದೆ ಕೂತು ಕೈಯೊಡ್ಡಿದಳು. "ಚೂರಿ ಕೊಡಿ ಅಜ್ಜಿ."

ಅಜ್ಜಿ ಚೂರಿಯನ್ನು ಮಡಿಲಿನಿಂದ ಎತ್ತಿದಳು. ಕೊಡಲಿಲ್ಲ. "ಮೊದ್ಲು ಹೇಳು," ಎಂದಳು.

ಹೇಳಬೇಕಾದ್ದು ಎಲ್ಲರಿಗೂ ಗೊತ್ತಿತ್ತು. ಕೊಯ್ಯುವ ಮುಂಚೆ ಕೊಯ್ಯುವವಳು ಅನ್ನಬೇಕು: ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ. ಕೂಸು-ಬಾಣಂತಿಯರನ್ನು ಕಾಯುವ ದೇವತೆ ಆಕೆ. ಹೆರಿಗೆ ಮಾಡಿಸುವವಳೂ ಅದನ್ನೇ ಅನ್ನುತ್ತಾಳೆ, ಮೂಳೆ ಕೂರಿಸುವವಳೂ. ಆಮೇಲೆ ಏನಾದರೂ ಕೆಟ್ಟರೆ ಯಾರ ತಲೆಗೂ ಬರುವುದಿಲ್ಲ. ಬುರುಲ್ ಅದನ್ನು ಎಷ್ಟೋ ಮನೆಗಳಲ್ಲಿ ಅಂದಿದ್ದಳು. ಕೊಂಬುಗಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ತಾಯಿಯ ಕೈ ನೆನಪಾಯಿತು. ಅದು ಉಮಾಯ್‌ಳದಾಗಿದ್ದರೆ ಒಲೆಯ ಪಕ್ಕ ಬಿದ್ದಿರುವುದು ಯಾರದು?

"ಹೇಳೇ," ಎಂದಳು ಶಾಯಿರ್‌ಕುಲ್. ಅವಳ ದನಿಯಲ್ಲಿ ಗೇಲಿ ಇರಲಿಲ್ಲ.

"ನನ್ನ ಕೈ," ಎಂದಳು ಬುರುಲ್.

ಸ್ವರ ಕೀರಲಾಗಿ, ತರಗತಿಯಲ್ಲಿ ಮೊದಲ ಸಲ ಎದ್ದು ನಿಂತ ಹುಡುಗಿಯದರಂತೆ ಬಂತು. ಗಂಟಲು ಸರಿಮಾಡಿಕೊಂಡಳು.

"ಇದು ನನ್ನ ಕೈ. ಬೇರೆ ಯಾರದೂ ಅಲ್ಲ."

ಅಜ್ಜಿಯ ಬೆರಳುಗಳು ಸಡಿಲವಾದವೋ, ಬುರುಲ್ ಕಿತ್ತುಕೊಂಡಳೋ, ಚೂರಿ ಅವಳ ಕೈಯಲ್ಲಿತ್ತು. ಒರೆಸಿಹೋದ ಕಡೆಯಿಂದಲೇ ಶುರುಮಾಡಿದಳು. ಅಲ್ಲಿ ಗೆರೆ ಬೇಕಾಗಿರಲಿಲ್ಲ. ಮೊನೆ ಕಂದನ್ನು ದಾಟಿ ಬಿಳಿಗೆ ಇಳಿದದ್ದು ಮುಂಗೈಗೆ ತಿಳಿಯಿತು. ಕುದುರೆ ಹುಲ್ಲು ಹರಿಯುವಂಥ ಸದ್ದು. ಚಿಕ್ಕಮ್ಮನ ಒದ್ದೆ ಕೈಯ ಪಕ್ಕದಲ್ಲೇ ಚೂರಿ ಹಾದುಹೋಯಿತು. ಕೈ ತಾನಾಗಿ ಸರಿಯಿತು. ಬಾಗಿಲ ಕಡೆಯ ನಾಲಗೆಯ ತುದಿಗೆ ಬಂದಾಗ ಚೂರಿಯನ್ನು ಮೆಲ್ಲಗೆ ಬಳಸಿ ತಿರುಗಿಸಿದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತನ್ನ ಕೈ ಇಷ್ಟು ತನ್ನದಾಗಿರಲಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಗೆರೆ ಗೆರೆಯನ್ನು ಕೂಡಿತು.

*

ಯಾರೂ ಜಗಳವಾಡಲಿಲ್ಲ. ಒಬ್ಬಳಿಗೆ ಹಸು ಕರೆಯುವುದಿತ್ತು. ಒಬ್ಬಳ ಮಾವನಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು. ಮತ್ತೊಬ್ಬಳು ಕಾರಣವನ್ನೂ ಹೇಳಲಿಲ್ಲ. ತಾನು ತಂದ ಸೂಜಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಎದೆಗೆ ಸಿಕ್ಕಿಸಿಕೊಂಡಳು. ಹಾಸಿನ ಅಂಚನ್ನು ಬಳಸಿ ಬಳಸಿ, ಸತ್ತವರ ಮನೆಯಿಂದ ಹೊರಡುವವರ ಹಾಗೆ ಹೊರಟರು. ಮರ್ಲೆನ್ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, "ಹೊಲಿದ ಮೇಲೆ ಫೋನ್ ಮಾಡು," ಎಂದ. ಯಾರಿಗೆ ಹೇಳಿದ್ದೆಂದು ಅವನಿಗೂ ಖಾತ್ರಿಯಿದ್ದಂತಿರಲಿಲ್ಲ. ಶಾಯಿರ್‌ಕುಲ್ ಏನೋ ಅನ್ನಲು ಬಾಯಿ ತೆರೆದಳು. ಸಮಯಕ್ಕೆ ಒಂದು ಗೇಲಿ ಸಿಗದೆ ಮುಚ್ಚಿದಳು.

ಅಸಿಲ್‌ಕಾನ್ ಅಜ್ಜಿ ಕೊನೆಗೆ ಎದ್ದಳು. ಬುರುಲ್‌ಳ ಭುಜದ ಮೇಲೆ ಭಾರ ಬಿಟ್ಟು ಮಂಡಿ ನೇರ ಮಾಡಿಕೊಂಡಳು.

"ಚೆನ್ನಾಗಿ ಬಂದಿದೆ ಮಗಳೇ," ಎಂದಳು ಕಿವಿಯ ಹತ್ತಿರ. "ಇದ್ದ ಹಾಗೇ ಬಂದಿದೆ. ಅದಕ್ಕೇ ನಾನು ಸೂಜಿ ಹಾಕಲ್ಲ."

ತುರ್ದುಕಾನ್ ಒದ್ದೆ ಬಟ್ಟೆಯನ್ನು ಹಿಂಡಿ ಮಡಚಿದಳು. ಅತ್ತಿರಲಿಲ್ಲ. ಅತ್ತಿದ್ದರೆ ಬುರುಲ್‌ಗೆ ಸುಲಭವಾಗುತ್ತಿತ್ತು.

"ನಾಳೆ ಪೇಟೆಗೆ ಹೋಗಿ ಚೀನಾದ ಜಮಖಾನ ತರ್ತೀನಿ ಮಗಳಿಗೆ," ಎಂದಳು. "ಅದರಲ್ಲಿ ನವಿಲು ಇರುತ್ತೆ." ಬಾಗಿಲಿಗೆ ಹೋಗಿ ನಿಂತಳು. "ಇದನ್ನ ಹೊಲೀ. ನಿನ್ನ ಕೈ ತಾನೆ? ನಿನ್ನ ಕೈಯಲ್ಲೇ ಹೊಲೀ. ಮುಗಿಯೋ ತನಕ ಈ ಕೋಣೆ ನಿಂದೇ."

ಬಾಗಿಲು ಎಳೆದುಕೊಂಡಳು. ಜೋರಾಗಿ ಅಲ್ಲ.

*

ಬುರುಲ್ ಕೊಯ್ದ ಕಂದು ತುಂಡನ್ನು ಎತ್ತಿ ತೆಗೆದಳು. ಅದರಡಿಯ ಬಿಳಿ ತುಂಡನ್ನೂ ತೆಗೆದಳು. ಕಂದನ್ನು ಬಿಳಿಯ ಬಾಯಿಗೆ, ಬಿಳಿಯನ್ನು ಕಂದಿನ ಬಾಯಿಗೆ ಇಡಬೇಕು. ಕಸುಬು ಹಾಗೆ. ಆಗ ಒಂದರಲ್ಲಿ ಬಿಳಿಚಿದ ಹುಲ್ಲು. ಅದರ ಜೋಡಿಯಲ್ಲಿ, ಬಿಳಿಯ ನಡುವೆ ಕಪ್ಪಾದ ಒಂದು ಬಾವಿ. ಎರಡೂ ಆಕಾರಗಳೇ. ಎರಡೂ ತುಂಬಿದವೇ. ಮರ್ಲೆನ್ ಎರಡನ್ನೂ ಮಾರಬಲ್ಲ.

ತುಂಡುಗಳನ್ನು ಗೋಡೆಯ ಪಕ್ಕಕ್ಕೆ ಎಳೆದು ಹಾಕಿದಳು.

ತೆಗೆದ ಜಾಗದಲ್ಲಿ ನೆಲದ ಹಲಗೆ ಕಾಣುತ್ತಿತ್ತು. ಬಣ್ಣ ಹೋದ ಹಲಗೆ, ಸಂದಿನಲ್ಲಿ ಧೂಳು, ಯಾವ ಕಾಲದ್ದೋ ಅಂಗಿಯ ಒಂದು ಒಡೆದ ಗುಂಡಿ. ಇಷ್ಟು ಹೊತ್ತು ಎಲ್ಲರೂ ಇದರ ಸುತ್ತಲೇ ಕೂತು ಚಹಾ ಕುಡಿದಿದ್ದರು.

ಅಂಚಿನಲ್ಲಿ ಕೂತರೆ ಕೊಯ್ದ ಬಾಯಿ ಕೈಗೆ ಎಟುಕುತ್ತಿರಲಿಲ್ಲ. ಅವಳು ಕಾಲೆತ್ತಿಟ್ಟು ಒಳಗೆ ಹೋಗಿ ಹಲಗೆಯ ಮೇಲೆ ಕೂತಳು. ತಣ್ಣಗಿತ್ತು. ದಪ್ಪ ಸೂಜಿಗೆ ದಾರ ಪೋಣಿಸಿದಳು. ಮೇಲಿನ ಕಂದಿನ ಅಂಚನ್ನೂ ಕೆಳಗಿನ ಬಿಳಿಯ ಅಂಚನ್ನೂ ಸೇರಿಸಿ ಹಿಡಿದು ಸೂಜಿ ಚುಚ್ಚಿದಳು. ತುಂಬುವುದಕ್ಕಲ್ಲ. ಬಾಯಿಗೆ ಬಾಯಿ ಕೂಡಿಸಿ, ತೂತು ತೂತಾಗಿಯೇ ಉಳಿಯುವಂತೆ. ಎರಡಾಗಬೇಕಾದದ್ದು ಒಂದೇ ಆಗುವಂತೆ. ಹೀಗೆ ಯಾರೂ ಹೊಲಿದದ್ದನ್ನು ಅವಳು ಕಂಡಿರಲಿಲ್ಲ. ಉಣ್ಣೆ ದಪ್ಪವಿತ್ತು, ಮೂರನೆಯ ಹೊಲಿಗೆಗೆ ಬೆರಳಲ್ಲಿ ರಕ್ತ ಬಂತು. ನೆಕ್ಕಿಕೊಂಡು ನಾಲ್ಕನೆಯದು ಹಾಕಿದಳು.

ಬಾಗಿಲು ಸರಿಯಿತು. ಕಲಿಪಾ, ಎಡಗೈಯಲ್ಲಿ ಚಹಾದ ಬಟ್ಟಲು. ಹಾಸಿನ ಅಂಚಿಗೆ ಬಂದು ನಿಂತು ಬಟ್ಟಲನ್ನು ಚಾಚಿದಳು. ಬುರುಲ್ ಕೂತಲ್ಲಿಂದ ಕೈ ಚಾಚಿದಳು. ನಡುವೆ ಒಂದು ಮಾರು ಉಣ್ಣೆ ಉಳಿಯಿತು.

"ಎದ್ದು ಬಾ," ಎಂದಳು ತಾಯಿ.

"ಈಗ ಆಗಲ್ಲ."

"ಕತ್ತಲಾಗ್ತಿದೆ."

"ಹೂಂ."

ಕಲಿಪಾ ಹಾಸಿನ ಮೇಲೆ ಕಾಲಿಡಲಿಲ್ಲ. ಸುತ್ತ ನೋಡಿ, ಗೋಡೆಯ ಪಕ್ಕ ಬಿದ್ದಿದ್ದ ಎರಡು ತುಂಡುಗಳ ಮೇಲೆ ಮೆಲ್ಲಗೆ ಕೂತಳು. ಸ್ವಲ್ಪ ಹೊತ್ತು ಬಟ್ಟಲನ್ನು ಹಾಗೇ ಹಿಡಿದಿದ್ದಳು. ಆಮೇಲೆ ತಾನೇ ಕುಡಿಯತೊಡಗಿದಳು.

ಬುರುಲ್ ಹೊಲಿದಳು. ಹೊಲಿಗೆ ಮುಂದೆ ಹೋದಂತೆ ಅವಳೂ ಕೂತಲ್ಲೇ ಸ್ವಲ್ಪ ಸ್ವಲ್ಪವೇ ತಿರುಗಬೇಕಾಗಿತ್ತು. ಬಾಗಿಲು ಮೊದಲು ಎದುರಿಗಿತ್ತು, ಆಮೇಲೆ ಎಡಕ್ಕೆ ಬಂತು, ಆಮೇಲೆ ಕಾಣಲಿಲ್ಲ. ಬೆನ್ನ ಹಿಂದೆ ತಾಯಿ ಚಹಾ ಹೀರುವ ಸದ್ದು ಮಾತ್ರ. ಎದುರಿಗೆ ಗೋಡೆ. ಸೂಜಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಅವಳ ಸುತ್ತ.